ಅಪ್ಪನ ಬೂಟು, ಅಪ್ಪನ ಹಿಮ್ಮಡಿ

ಎಕ್ಕೆಯ ಎಲೆ ಕಾದ ಇಟ್ಟಿಗೆಯ ಮೇಲೆ ಬಾಡುವಾಗ ಒಂದು ವಾಸನೆ ಬರುತ್ತದೆ. ಅರ್ಧ ಔಷಧಿ, ಅರ್ಧ ಒಲೆ. ಇವತ್ತು ಬೆಳಿಗ್ಗೆ ಸಪ್ತಾಪುರದ ನಮ್ಮ ಮನೆಯ ಹಿತ್ತಿಲಲ್ಲಿ ಆ ವಾಸನೆ ಎದ್ದಿತ್ತು. ಎಬ್ಬಿಸಿದವರು ಪಕ್ಕದ ಮನೆಯ ಗಂಗಕ್ಕ. ಇಟ್ಟಿಗೆ ಅವರದು, ಎಲೆ ಅವರದು, ಕೆಂಡವೂ ಅವರದು. ಹಿಮ್ಮಡಿ ಮಾತ್ರ ನನ್ನದು.

“ಇಡ್ರಿ ಮೇಡಮ್ಮ, ಗಟ್ಟಿ ಜೀವ ಮಾಡಿ ಇಡ್ರಿ. ಚುರ್ ಅಂದ್ರ ಅನ್ಲಿ,” ಎಂದು ಅವರು ನನ್ನ ಪಾದವನ್ನು ಹಿಡಿದು ಎಲೆಯ ಮೇಲೆ ಒತ್ತಿದರು. ಎಲೆ ಚುರ್ ಎಂದಿತು. ನಾನೂ ಎಂದೆ.

ಎರಡು ತಿಂಗಳಿಂದ ನನ್ನ ಬೆಳಗು ಹೀಗೆಯೇ ಆಗುತ್ತಿದೆ. ಹಾಸಿಗೆಯಿಂದ ಇಳಿದು ಕಾಲೂರಿದೆನೋ, ಹಿಮ್ಮಡಿಯ ಅಡಿಯಿಂದ ಯಾರೋ ಮೊಳೆ ಹೊಡೆದ ಹಾಗೆ. ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಸಡಿಲಾಗುತ್ತದೆ. ಹಾಗೆಂದು ಖುಷಿಪಟ್ಟು ಒಂದು ಗಳಿಗೆ ಕೂತು ಎದ್ದರೆ ಮತ್ತೆ ಮೊಳೆ. ಕಾಲೇಜಿನಲ್ಲಿ ನನಗೊಂದು ಬಿರುದಿದೆ: ಈ ಮೇಡಮ್ ಕೂತು ಪಾಠ ಮಾಡಿದ್ದನ್ನು ಯಾರೂ ಕಂಡಿಲ್ಲ ಎಂದು. ಬಿರುದು ಉಳಿಸಿಕೊಳ್ಳುವ ಹಟಕ್ಕೆ ಬಿದ್ದು ಈಗ ಮೇಜಿಗೆ ಒರಗಿ ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ಪಾಠ ಹೇಳುತ್ತಿದ್ದೇನೆ. ಹುಡುಗರು ಇದನ್ನು ಸ್ಟೈಲ್ ಎಂದುಕೊಂಡಿದ್ದಾರೆ. ಗಂಗಕ್ಕನ ಕಣ್ಣು ಅಷ್ಟು ಸುಲಭಕ್ಕೆ ಮೋಸಹೋಗುವಂಥದ್ದಲ್ಲ. ಹಾಲಿನ ಪ್ಯಾಕೆಟ್ ತರಲು ನಾನು ತುದಿಗಾಲಲ್ಲಿ ಗೇಟಿಗೆ ಹೋಗುವುದನ್ನು ನೋಡಿ ಅವರು ಹಿಡಿದುಬಿಟ್ಟರು.

ಇಷ್ಟು ಕಷ್ಟಪಟ್ಟು ಯಾರಿಂದ ಮುಚ್ಚಿಟ್ಟಿದ್ದೆ ಎಂದು ನೀವು ಕೇಳಬಹುದು. ಅಪ್ಪನಿಂದ. ಹಿಮ್ಮಡಿಯ ವಿಷಯದಲ್ಲಿ ನಮ್ಮ ಮನೆಗೆ ಅಪ್ಪನೇ ಸುಪ್ರೀಂ ಕೋರ್ಟು. ನಿವೃತ್ತ ಹೆಡ್‌ಮಾಸ್ತರ, ವಯಸ್ಸು ಎಂಬತ್ತರ ಹತ್ತಿರ, ದಿನವೂ ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಒಂದು ಸುತ್ತು ಹಾಕಿ ಬರುವ ಮನುಷ್ಯ. ಅವನ ಕಿವಿಗೆ ಬಿದ್ದರೆ ಆ ಕ್ಷಣದಿಂದ ನನಗೊಂದು ಟೈಮ್‌ಟೇಬಲ್, ಹಾಜರಿ, ವಾರಕ್ಕೊಂದು ಪರೀಕ್ಷೆ. ಐವತ್ತು ದಾಟಿದ ಮೇಲೆ ಮತ್ತೆ ಅಪ್ಪನ ಕ್ಲಾಸಿನಲ್ಲಿ ಕೂಡುವುದೆಂದರೆ ಹುಡುಗಾಟವಲ್ಲ.

ಅಪ್ಪನಿಗೆ ಈ ಅಧಿಕಾರ ಹೇಗೆ ಬಂತೆಂದು ಹೇಳುತ್ತೇನೆ. ಅದಕ್ಕೆ ಮೊದಲು ಅವನ ಬೂಟಿನ ಬಗ್ಗೆ ಹೇಳಬೇಕು.

ಕಪ್ಪು ಚರ್ಮದ ಬೂಟು. ಅಟ್ಟೆ ಹಲಗೆಯಷ್ಟು ಗಟ್ಟಿ. ಹಿಮ್ಮಡಿಯ ಕೆಳಗೆ ಕುದುರೆಗೆ ಬಡಿಯುವ ಹಾಗೆ ಕಬ್ಬಿಣದ ನಾಲು ಬಡಿಸಿರುತ್ತಿದ್ದ. ಅಪ್ಪ ಶಾಲೆಯಿಂದ ಬರುವುದು ನಮಗೆ ಕಣ್ಣಿಗೆ ಕಾಣುವುದಕ್ಕಿಂತ ಮೊದಲೇ ಓಣಿಯ ಮೂಲೆಯಿಂದ ಕೇಳುತ್ತಿತ್ತು. ಟಕ್, ಟಕ್, ಟಕ್. ಆಟ ಬಿಟ್ಟು ಪುಸ್ತಕ ಹಿಡಿಯಲು ಅಷ್ಟು ಸಮಯ ಸಾಕಾಗುತ್ತಿತ್ತು ನಮಗೆ. ಜೋಡು ಸವೆದರೆ ಅಂಥದ್ದೇ ಇನ್ನೊಂದು ಜೋಡು. ಮೆತ್ತನೆಯ ಬೂಟು ತೋರಿಸಿದ ಅಂಗಡಿಯವನನ್ನು ಅವನು ನೋಡುತ್ತಿದ್ದ ರೀತಿ ಇತ್ತಲ್ಲ, ಗಣಿತದಲ್ಲಿ ಸೊನ್ನೆ ತೆಗೆದ ಹುಡುಗನನ್ನೂ ಹಾಗೆ ನೋಡುತ್ತಿರಲಿಲ್ಲ.

ಆ ಸಪ್ಪಳಕ್ಕೊಂದು ಕಾರಣವಿತ್ತು. ನಮ್ಮ ಅಜ್ಜ ದುರಗಪ್ಪ ಊರ ಹೊರಗಿನ ಕೇರಿಯವನು. ಊರೊಳಗೆ ಹೋಗುವಾಗ ಗೌಡರ ವಾಡೆ ಬರುತ್ತಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕು, ಆ ದೊಡ್ಡ ಮನೆಯ ಗೋಡೆ ಮುಗಿದ ಮೇಲೆ ಮತ್ತೆ ಮೆಟ್ಟಿಕೊಳ್ಳಬೇಕು. ನಮ್ಮ ಜಾತಿಯವರ ಕಾಲಿಗೆ ಅಲ್ಲಿ ಚಪ್ಪಲಿ ಸಲ್ಲದು. ಗೋಡೆಗೆ ಮೈ ತಾಗಬಾರದೆಂದು ರಸ್ತೆಯ ಆಚೆ ಬದಿಗೆ ಸರಿದು ನಡೆಯಬೇಕು. ಅಪ್ಪ ಸಣ್ಣವನಿದ್ದಾಗ ಅಷ್ಟು ದೂರ ಅಜ್ಜನ ಕೈ ಹಿಡಿಯಲು ಆಗುತ್ತಿರಲಿಲ್ಲವಂತೆ. ಅಜ್ಜನ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈ ತಲೆಯ ಮೇಲಿನ ಗಂಟಿಗೆ. ಅಪ್ಪ ಇದನ್ನು ನಮಗೆ ಒಂದೇ ಸಲ ಹೇಳಿದ್ದ, ಅದೂ ದನಿ ಏರಿಸದೆ. ಕೇಳಿದ ನನಗೆ ಮಾತ್ರ ಇವತ್ತಿಗೂ ಇದನ್ನು ನೆನೆದರೆ ಮೈ ಉರಿಯುತ್ತದೆ. ಮುಂದೆ ಅಪ್ಪ ಓದಿದ, ಮಾಸ್ತರನಾದ, ಬುದ್ಧನಿಗೆ ಶರಣೆಂದ, ಧಾರವಾಡದಲ್ಲಿ ಮನೆ ಕಟ್ಟಿಸಿದ. ಹುಟ್ಟಿದ ಊರಿನ ಆ ರಸ್ತೆಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಹಬ್ಬ ಹುಣ್ಣಿಮೆಗೆ ಹೋದರೂ ಹೊಲದ ದಾರಿಯಿಂದ ನೇರ ಕೇರಿಗೆ ಹೋಗಿ, ಅಲ್ಲಿಂದಲೇ ಹಿಂದಿರುಗುತ್ತಿದ್ದ.

ಹೀಗಿರುವಾಗ, ಈಗ್ಗೆ ಹತ್ತು ಹನ್ನೆರಡು ವರ್ಷದ ಕೆಳಗೆ, ಆ ಊರಿನ ಶಾಲೆಯಿಂದ ಕರೆ ಬಂತು. ನಮ್ಮ ಶಾಲೆಯಲ್ಲಿ ಓದಿ ಹೆಡ್‌ಮಾಸ್ತರರಾದವರು ನೀವು, ಜನವರಿ ಇಪ್ಪತ್ತಾರಕ್ಕೆ ಬಂದು ಧ್ವಜ ಹಾರಿಸಬೇಕು ಎಂದು. ಅಪ್ಪ ಫೋನ್ ಇಟ್ಟ. ಆಮೇಲೆ ಅವ್ವನನ್ನು ಕರೆದ.

“ಬಸ್ ಸ್ಟ್ಯಾಂಡಿನಿಂದ ಸಾಲಿಗೆ ಒಂದ ರಸ್ತೆ. ವಾಡೇದ ಮುಂದನ ಹೋಗಬೇಕು. ಬೂಟ ಹಾಕ್ಕೊಂಡು, ಟಕ್ ಟಕ್ ಅನ್ಕೋತ ನಡಕೊಂಡ ಹೋಗತೇನಿ.”

“ಹೋಗ್ರಿ,” ಎಂದಳು ಅವ್ವ. “ಮೊದಲ ಈ ಓಣಿ ಮೋರಿ ತನಕ ನಡದು ತೋರಸ್ರಿ.”

ಅವ್ವನ ಮಾತು ಸುಳ್ಳಲ್ಲ. ಗಣಪತಿ ಹಬ್ಬದಿಂದಲೂ ಅಪ್ಪನ ಬಲ ಹಿಮ್ಮಡಿ ಹಿಡಿದುಕೊಂಡಿತ್ತು. ಬೆಳಿಗ್ಗೆ ಎದ್ದವನು ಗೋಡೆ, ಕಪಾಟು, ಬಾಗಿಲು ಹಿಡಿದು ಬಚ್ಚಲಿಗೆ ಹೋಗುತ್ತಿದ್ದ. ಎಕ್ಸ್‌ರೇ ತೆಗೆಸಿದಾಗ ಹಿಮ್ಮಡಿಯ ಮೂಳೆಗೆ ಸಣ್ಣದೊಂದು ಮುಳ್ಳು ಕಂಡಿತು. ಆ ಮುಳ್ಳೇ ಚುಚ್ಚುತ್ತಿದೆ ಎಂದು ಎಲ್ಲರೂ ನಂಬಿದೆವು. ನೋಡಲು ಬಂದ ನೆಂಟರು ಒಬ್ಬರು ಅದನ್ನು ಕತ್ತರಿಸಬೇಕೆಂದರು, ಇನ್ನೊಬ್ಬರು ಎಣ್ಣೆ ಕಾಸಿ ಕೊಟ್ಟರು. ಅಪ್ಪನೂ ಒಂದು ಉಪಾಯ ಹೂಡಿದ: ಕಾಲಿಗೆ ಆರಾಮ ಸಿಗಲೆಂದು ಬೂಟು ಬಿಚ್ಚಿಟ್ಟು ಮನೆಯಲ್ಲೇ ಕೂತ. ಮನೆಯಲ್ಲಿ ಇರುವುದೆಂದರೆ ಬರಿಗಾಲು. ನೆಲ ಶಹಾಬಾದ್ ಕಲ್ಲಿನದು, ಚಳಿಗಾಲಕ್ಕೆ ಮಂಜಿನಷ್ಟು ತಣ್ಣಗೆ, ಗಟ್ಟಿತನದಲ್ಲಿ ಅಪ್ಪನ ಬೂಟಿಗೆ ಅಣ್ಣ. ಅದರ ಮೇಲೆ ದಿನವಿಡೀ ಬರಿಗಾಲಲ್ಲಿ ಓಡಾಡಿ, ಉಳಿದ ಹೊತ್ತು ಕೂತು, ನೋವು ಇಮ್ಮಡಿಯಾಯಿತು.

ದೀಪಾವಳಿ ಕಳೆದ ಮೇಲೆ ಶಾಲೆಯವರಿಗೆ ಬರುವುದಿಲ್ಲ ಎಂದು ಹೇಳಿಬಿಡಲು ಅಪ್ಪ ಫೋನ್ ಕೈಗೆ ತೆಗೆದುಕೊಂಡಿದ್ದನ್ನು ನಾನು ನೋಡಿದೆ. ನಂಬರ್ ಒತ್ತದೆ ಮತ್ತೆ ಇಟ್ಟ. “ಜೀಪ್ ಕಳಸ್ತೇವಿ ಅಂತಾರ,” ಎಂದ ನನ್ನ ಕಡೆ ನೋಡದೆ. “ಜೀಪಿನ್ಯಾಗ ಕುಂತು ಆ ವಾಡೇ ದಾಟೂದಾದ್ರ ನಾ ಯಾಕ ಹೋಗಬೇಕು?” ನನಗೆ ಅಳು ಬಂತು. ಅಳು ಬಂದಾಗ ಸಿಟ್ಟು ಮಾಡುವುದು ನನ್ನ ಸ್ವಭಾವ. ಮರುದಿನವೇ ಅವನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹುಬ್ಬಳ್ಳಿಗೆ ಹೊರಟೆ.

ಅಲ್ಲಿ ಸಿಕ್ಕವಳು ಶಬಾನಾ, ಫಿಸಿಯೋಥೆರಪಿ ಡಾಕ್ಟರು. ನನಗಿಂತ ಎಷ್ಟೋ ಸಣ್ಣವಳು. ಅಪ್ಪನ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ, ಹಿಮ್ಮಡಿಯ ಒಳಬದಿಗೆ ಹೆಬ್ಬೆರಳಿನಿಂದ ಒತ್ತಿದಳು. ಅಪ್ಪ ಕುರ್ಚಿಯಿಂದ ಅರ್ಧ ಎದ್ದ.

“ಇಲ್ಲೇ ಐತ್ರಿ ಕಾಕಾ,” ಎಂದಳು. “ಹಿಮ್ಮಡದಿಂದ ಬೆರಳಿನ ಬುಡದ ತನಕ ಅಂಗಾಲಿನ್ಯಾಗ ಒಂದು ಗಟ್ಟಿ ಪಟ್ಟಿ ಇರತೈತಿ, ಬಿಲ್ಲಿಗೆ ಹಗ್ಗ ಕಟ್ಟಿದಂಗ. ದಿನಾ ಗಟ್ಟಿ ನೆಲದ ಮ್ಯಾಲ ನಿಂತು ನಿಂತು ಅದು ಹಿಮ್ಮಡಕ್ಕ ಅಂಟಿದಲ್ಲೆ ನೊಂದೈತಿ. ರಾತ್ರಿ ಮಲಗಿದಾಗ ಸೆಡತು ಕುಂದರತೈತಿ. ಮುಂಜಾನೆ ಒಮ್ಮೆಲೇ ಭಾರ ಹಾಕಿದ್ರ ಜಗ್ಗತೈತಿ. ಅದಕ್ಕ ಮೊದಲನೇ ಹೆಜ್ಜಿಗೇ ಜೀವ ಹೋಗೂದು.”

“ಮತ್ತ ಆ ಮುಳ್ಳು?”

“ಎಷ್ಟೋ ಮಂದಿಗೆ ಮುಳ್ಳು ಇರತೈತ್ರಿ, ನೋವ ಇರಂಗಿಲ್ಲ. ಅದರ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ.”

“ಎಷ್ಟ ದಿನಕ್ಕ ಹೋಗತೈತಿ?”

“ದಿನ ಅಲ್ರಿ, ತಿಂಗಳುಗಟ್ಲೆ ಹಿಡೀತೈತಿ. ಆದ್ರ ಭಾಳ ಮಂದಿಗೆ ಹೋಗತೈತಿ, ಹೇಳಿದ್ದ ಮಾಡಿದ್ರ.”

ಹೇಳಿದ್ದನ್ನು ಮಾಡುವ ವಿಷಯದಲ್ಲಿ ಅಪ್ಪನಿಗೆ ತಕರಾರಿರಲಿಲ್ಲ. ಬದುಕೆಲ್ಲ ಹೇಳಿದ್ದನ್ನು ಮಾಡಿಸಿದವನು. ತಕರಾರು ಬಂದದ್ದು ಶಬಾನಾ ಅವನ ಬೂಟನ್ನು ಎತ್ತಿ, ಅಟ್ಟೆಯನ್ನು ಬಗ್ಗಿಸಲು ನೋಡಿ, ಬಗ್ಗದೆ ಹೋದಾಗ. ಇದನ್ನು ಸದ್ಯಕ್ಕೆ ಬಿಡಿ, ಹಿಮ್ಮಡಿಗೆ ಮೆತ್ತೆ ಇರುವ, ನಡುವೆ ಅಂಗಾಲಿಗೆ ಆಧಾರ ಕೊಡುವ ಸ್ಪೋರ್ಟ್ಸ್ ಬೂಟು ಹಾಕಿ ಎಂದಳು. ಮನೆಯೊಳಗೂ ಬರಿಗಾಲು ಬೇಡವೆಂದಳು. ಅಪ್ಪನ ಮುಖ ಕಪ್ಪಾಯಿತು. ಹುಡುಗರು ಹಾಕುವ ಬೂಟು ಹಾಕಿಕೊಂಡು ಧ್ವಜ ಹಾರಿಸುವುದೇ ಎಂದ. ಆಮೇಲೆ, ನನಗೆ ಆಶ್ಚರ್ಯವಾಗುವ ಹಾಗೆ, ಆ ಊರು, ಆ ರಸ್ತೆ, ಅಜ್ಜನ ಕೈಯಲ್ಲಿದ್ದ ಚಪ್ಪಲಿ, ಎಲ್ಲವನ್ನೂ ಆ ಹುಡುಗಿಗೆ ಹೇಳಿಬಿಟ್ಟ. ನಮಗೆ ಒಂದೇ ಸಲ ಹೇಳಿದ್ದ ಮಾತು ಅದು. ಶಬಾನಾ ಪೂರ್ತಿ ಕೇಳಿದಳು. ಅಯ್ಯೋ ಪಾಪ ಎನ್ನಲಿಲ್ಲ.

“ಕಾಕಾ, ಆ ರಸ್ತೇದಾಗ ಬೂಟು ನಡೀಬೇಕೋ, ನೀವು ನಡೀಬೇಕೋ?” ಎಂದು ಕೇಳಿದಳು ಅಷ್ಟೇ.

ಎರಡು ದಿನ ಅಪ್ಪ ತನ್ನ ಕಪ್ಪು ಬೂಟಿಗೆ ಪಾಲಿಶ್ ಹಚ್ಚುತ್ತ ಕೂತ. ಮೂರನೆಯ ದಿನ, “ನಡಿ, ಬೂಟಿನ ಅಂಗಡಿಗೆ ಹೋಗೂಣು,” ಎಂದ. ಅಂಗಡಿಯಲ್ಲಿ ಬಿಳಿಯ ಬೂಟು ಹಾಕಿಕೊಂಡು ಕನ್ನಡಿಯ ಮುಂದೆ ಆಚೆ ಈಚೆ ನಡೆದ. ತಲೆ ಬಗ್ಗಿಸಿ ಕಾಲನ್ನೇ ನೋಡಿದ. ನೋವು ಕಡಿಮೆ ಅನಿಸುತ್ತದೆಯೇ ಎಂದು ಕೇಳಿದೆ.

“ನೋವು ಕಡಿಮಿ ಐತಿ,” ಎಂದ. “ಸಪ್ಪಳಾನ ಇಲ್ಲಲ್ಲವಾ ಇದಕ್ಕ.”

ನಗಬೇಕೋ ಅಳಬೇಕೋ ತಿಳಿಯದೆ ನಾನು ಅಂಗಡಿಯವನಿಗೆ ಅದನ್ನೇ ಕಟ್ಟಿಕೊಡಲು ಹೇಳಿದೆ.

ಇನ್ನು ಮನೆಯೊಳಗಿನ ಚಪ್ಪಲಿಯದು ಬೇರೆಯೇ ಯುದ್ಧ. ಅವ್ವನ ರಾಜ್ಯದಲ್ಲಿ ಚಪ್ಪಲಿ ಹೊಸ್ತಿಲು ದಾಟುವಂತಿರಲಿಲ್ಲ. ಡಾಕ್ಟರು ಹೇಳಿದ್ದಾರೆಂದರೆ, “ಡಾಕ್ಟರ್ ಬಂದು ನೆಲಾ ಒರಸ್ತಾರೇನು?” ಎಂದಳು. ಕೊನೆಗೆ ತಾನೇ ಹೋಗಿ ಮೆತ್ತನೆಯದೊಂದು ಜೋಡು ತಂದು, ಸೋಪು ಹಚ್ಚಿ ತೊಳೆದು, ಬಿಸಿಲಿಗೆ ಒಣಗಿಸಿ, ಹಾಸಿಗೆಯ ಪಕ್ಕ ಹಳೆಯ ಟವೆಲಿನ ಮೇಲೆ ಇಟ್ಟಳು. ಬಾಗಿಲ ಆಚೆ ಒಂದು ಹೆಜ್ಜೆ ಹಾಕಿದರೂ ಇವು ಜಾತಿ ಕೆಟ್ಟವು, ಒಳಗೆ ಬರಬಾರದು ಎಂದು ಅಪ್ಪಣೆ ಮಾಡಿದಳು. “ಚಪ್ಪಲಿಗೂ ಜಾತಿ ಹಚ್ಚಿದಿ ನೀ,” ಎಂದು ಅಪ್ಪ ಬಿದ್ದು ಬಿದ್ದು ನಕ್ಕ. ಅವ್ವ ಈಗಿಲ್ಲ. ಆ ನಗುವಿನಲ್ಲಿ ಅವಳೂ ಸೇರಿಕೊಂಡದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆಮೇಲೆ ಅಪ್ಪನ ಶಾಲೆ ಶುರುವಾಯಿತು. ವಿದ್ಯಾರ್ಥಿ ಅವನ ಕಾಲು. ಬೆಳಿಗ್ಗೆ ಕಣ್ಣು ಬಿಟ್ಟ ಮೇಲೆ, ನೆಲಕ್ಕೆ ಕಾಲೂರುವ ಮೊದಲು ಹಾಸಿಗೆಯಲ್ಲೇ ಕೂತು ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯುತ್ತಿದ್ದ. ಸಂಜೆ ಫ್ರಿಜ್ಜಿನಲ್ಲಿ ಮಂಜುಗಟ್ಟಿಸಿದ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಲಟ್ಟಣಿಗೆಯ ಹಾಗೆ ಉರುಳಿಸುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾದದ್ದು ಗೋಡೆ. ಎರಡೂ ಅಂಗೈಗಳನ್ನು ಗೋಡೆಗೆ ಹಚ್ಚಿ, ನೋಯುವ ಕಾಲನ್ನು ಹಿಂದಿಟ್ಟು, ಅದರ ಮೊಣಕಾಲು ಬಗ್ಗದಂತೆ, ಹಿಮ್ಮಡಿ ನೆಲದಿಂದ ಏಳದಂತೆ, ಮುಂದಕ್ಕೆ ಬಾಗಿ ಮೀನಖಂಡ ಬಿಗಿಯುವ ತನಕ ನಿಲ್ಲಬೇಕು. ಮೀನಖಂಡ ಬಿಗಿದಿದ್ದರೆ ಅಂಗಾಲಿನ ಪಟ್ಟಿಯನ್ನೂ ಅದು ಎಳೆಯುತ್ತದಂತೆ. ಅಪ್ಪ ಹಾಗೆ ನಿಂತು ಮಗ್ಗಿ ಹೇಳುತ್ತಿದ್ದ. ಒಂದು ಮಗ್ಗಿ ಮುಗಿದರೆ ಕಾಲು ಬದಲು. ಬೈಠಕ್ ಖೋಲಿಯ ಗೋಡೆಯ ಮೇಲೆ ಅವನ ಕೈಯ ಎಣ್ಣೆಗಲೆ ಎರಡು ಮೂಡಿ ನಿಂತವು. ಮೊದಮೊದಲು ಏನೂ ಗೊತ್ತಾಗಲಿಲ್ಲ. ಒಂದು ವಾರ ಕಡಿಮೆ, ಮರುವಾರ ಮತ್ತೆ ಜಾಸ್ತಿ. ಡಿಸೆಂಬರ್ ಹೊತ್ತಿಗೆ ಅಪ್ಪ ಓಣಿಯ ಮೂಲೆಯ ತನಕ ಹೋಗಿ ಬಂದ. ನೋವು ಪೂರ್ತಿ ಹೋಗಿರಲಿಲ್ಲ. ಆದರೆ ನೋವು ಯಾವಾಗ ಬರುತ್ತದೆ, ಬಂದರೆ ಏನು ಮಾಡಬೇಕು ಎಂಬುದು ಅವನಿಗೆ ತಿಳಿದಿತ್ತು. ತಿಳಿದ ಮೇಲೆ ಅವನಿಗೆ ಅಂಜಿಕೆಯಿರಲಿಲ್ಲ.

ಜನವರಿ ಇಪ್ಪತ್ತಾರರ ಬೆಳಿಗ್ಗೆ ನಾವಿಬ್ಬರೂ ಮೊದಲ ಬಸ್ಸಿಗೆ ಹೊರಟೆವು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಬಿಳಿ ಬೂಟು. ಇಲ್ಲೇ ನಾವು ಎಡವಿದ್ದು. ಅಷ್ಟು ಹೊತ್ತು ಬಸ್ಸಿನಲ್ಲಿ ಕಾಲು ಮಡಚಿ ಕೂತರೆ ಬೆಳಗಿನ ಮೊದಲ ಹೆಜ್ಜೆಯೇ ಮತ್ತೊಮ್ಮೆ ಬಂದಂತೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಬಸ್ಸಿನಿಂದ ಇಳಿದವನು ಕಂಬ ಹಿಡಿದು ನಿಂತ. ಎದುರಿಗೆ ಜೀಪು ಸಿದ್ಧವಾಗಿತ್ತು. ಶಾಲೆಯ ತರುಣ ಮಾಸ್ತರರು ಬಾಗಿಲು ತೆರೆದು, “ಬರ್ರಿ ಸರ್, ಕುಂದರ್ರಿ,” ಎಂದರು.

“ನೀವು ಮುಂದ ಹೋಗ್ರಿ. ನಾವು ನಡಕೊಂಡ ಬರತೇವಿ,” ಎಂದ ಅಪ್ಪ.

ನಡೆದ. ಸಪ್ಪಳವಿರಲಿಲ್ಲ, ಆದ್ದರಿಂದ ಯಾರೂ ತಿರುಗಿ ನೋಡಲೂ ಇಲ್ಲ. ನಾನು ಪಕ್ಕದಲ್ಲಿದ್ದು ಅವನ ಬಿಗಿದ ದವಡೆಯನ್ನು ನೋಡುತ್ತಿದ್ದೆ. ಚಹಾದಂಗಡಿ ದಾಟಿತು, ಹಿಟ್ಟಿನ ಗಿರಣಿ ದಾಟಿತು. ವಾಡೆಯ ಗೋಡೆ ಶುರುವಾಯಿತು. ಮನೆಯಲ್ಲಿ ಮದುವೆಯಂತೆ, ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಅರ್ಧ ಗೋಡೆ ಬರುವುದರೊಳಗೆ ಅಪ್ಪ ನಿಂತ. ಮುಂದೆ ಹೆಜ್ಜೆ ಬರಲಿಲ್ಲ.

“ಜೀಪ್ ಕರೀಲೇನಪಾ?” ಎಂದೆ. ಅವನು ತಿರುಗಿದ, ಎರಡೂ ಅಂಗೈ ಎತ್ತಿ ಆ ಗೋಡೆಗೆ ಹಚ್ಚಿದ, ಬಲಗಾಲನ್ನು ಹಿಂದಕ್ಕೆ ಇಟ್ಟ.

ನಾನು, ಓದಿದವಳು, ಕಾಲೇಜಿನಲ್ಲಿ ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವಳು, “ಅಪ್ಪಾ, ಇಲ್ಲಿ ಬ್ಯಾಡಪಾ,” ಎಂದು ಪಿಸುಗುಟ್ಟಿದೆ.

“ನೋವು ಇಲ್ಲೇ ಬಂದೈತಿ,” ಎಂದ. “ಇಲ್ಲೇ ಮಾಡಬೇಕು.” ಮಗ್ಗಿ ಶುರುಮಾಡಿದ, ಕ್ಲಾಸಿನಲ್ಲಿ ಹೇಳುವಷ್ಟೇ ದೊಡ್ಡದಾಗಿ.

ವಾಡೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಬಿಸಿಲು ಕಾಯಿಸುತ್ತ ಕೂತಿದ್ದಳು. ಮನೆಯ ಹಿರಿಯ ಗೌಡಸಾನಿ. ಕಣ್ಣಿಗೆ ಕೈ ಮರೆ ಮಾಡಿ ನೋಡಿದಳು. “ಯಾಂವಲೇ ಅಂವ, ನಮ್ಮ ಗ್ವಾಡಿ ನೂಕಾಂವ?”

ಅಪ್ಪ ಕೈ ತೆಗೆಯಲಿಲ್ಲ. ಮಗ್ಗಿ ಪೂರ್ತಿ ಮಾಡಿ, ಕಾಲು ಬದಲಿಸಿ, ಆಮೇಲೆ ಹೇಳಿದ. “ನಾನ್ರೀ, ದುರಗಪ್ಪನ ಮಗ. ಧಾರವಾಡದ ಹೆಡ್‌ಮಾಸ್ತರ. ಝಂಡಾ ಏರಸಾಕ ಬಂದೇನಿ. ಹಿಮ್ಮಡ ಹಿಡಕೊಂಡೈತಿ, ಬಿಡಿಸಿಕೊಳ್ಳಾಕತ್ತೇನಿ.”

ರಸ್ತೆಯಲ್ಲಿ ಈಗ ನಾಲ್ಕು ಜನ ನಿಂತಿದ್ದರು. ಗೌಡಸಾನಿ ಏನು ಹೇಳುತ್ತಾಳೋ ಎಂದು ಎಲ್ಲರ ಕಣ್ಣು ಅವಳ ಮೇಲೆ. ಅವಳು ಒಂದು ಮಾತು ತಪ್ಪಿ ಆಡಿದರೆ ಹತ್ತು ಮಾತು ಆಡಲು ನಾನೂ ಸಿದ್ಧವಾಗಿದ್ದೆ. ಮುದುಕಿ ಬಹಳ ಹೊತ್ತು ಅಪ್ಪನ ಕಾಲನ್ನೇ ನೋಡಿದಳು.

“ಮುಂಜಾನೆ ಎದ್ದ ಕೂಡ್ಲೇ ನೋಯತೈತೇನು?” ಎಂದಳು.

“ಹೌದ್ರಿ. ಮೊದಲನೇ ಹೆಜ್ಜಿಗೇ.”

“ನನಗೂ ಐತಿ. ಮೂರು ವರ್ಷಾತು.”

ಅಪ್ಪನೊಳಗಿನ ಹೆಡ್‌ಮಾಸ್ತರನಿಗೆ ಅಷ್ಟು ಸಾಕಾಯಿತು. ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆಯಬಾರದು, ಮನೆಯೊಳಗೂ ಮೆತ್ತನ ಚಪ್ಪಲಿ ಹಾಕಬೇಕು, ಎದ್ದ ಕೂಡಲೇ ಬೆರಳು ಎಳೆದುಕೊಳ್ಳಬೇಕು ಎಂದು ಪಾಠ ಮಾಡಿದ. ಗೋಡೆಗೆ ಹೇಗೆ ನಿಲ್ಲಬೇಕೆಂದು ಇನ್ನೊಮ್ಮೆ ನಿಂತು ತೋರಿಸಿದ. ಆ ಮನೆಯ ಮುಂದೆ ನಮ್ಮವನೊಬ್ಬ ನಿಂತು ಕಾಲಿಗೆ ಚಪ್ಪಲಿ ಹಾಕ್ಕೊಳ್ರಿ ಎಂದು ಆ ಮನೆಯವರಿಗೇ ಹೇಳುವುದನ್ನು ನಾನು ಕಿವಿಯಾರೆ ಕೇಳಿದೆ.

“ಇನ್ನೊಮ್ಮೆ ಹೇಳ್ರಿ ಮಾಸ್ತರ,” ಎಂದಳು ಗೌಡಸಾನಿ. “ನೋಯೂ ಕಾಲು ಹಿಂದ ಏನು ಮುಂದ?”

“ಹಿಂದ್ರಿ. ಮೊಣಕಾಲ ಬಗ್ಗಿಸಬ್ಯಾಡ್ರಿ.”

ಒಳಗೆ ಬನ್ನಿ ಎಂದು ಅವಳು ಕರೆಯಲಿಲ್ಲ. ಕರೆಯಲಿ ಎಂದು ಅಪ್ಪ ಕಾಯಲೂ ಇಲ್ಲ. ಕಾಲು ಹಗುರಾಗಿತ್ತು, ಉಳಿದರ್ಧ ಗೋಡೆಯನ್ನು ಅದರ ಪಕ್ಕಕ್ಕೇ ನಡೆದು ದಾಟಿದ. ಶಾಲೆಯ ಗೇಟಿನಲ್ಲಿ ನೋಡುತ್ತೇನೆ, ಎರಡೂ ಅಂಗೈ ಸುಣ್ಣದಿಂದ ಬೆಳ್ಳಗಾಗಿವೆ. ಕರ್ಚೀಫು ತೆಗೆದು ಕೊಟ್ಟೆ. “ಇರಲಿ ಬಿಡವಾ,” ಎಂದ. ಹಾಗೆಯೇ ಹಗ್ಗ ಎಳೆದ, ಧ್ವಜ ಬಿಚ್ಚಿಕೊಂಡಿತು, ಹೂವು ಉದುರಿದವು. ಅಪ್ಪ ಸೆಲ್ಯೂಟ್ ಹೊಡೆದಾಗ ಅವನ ಹಣೆಗೆ ಸುಣ್ಣ ಹತ್ತಿತು. ನಾನು ಎಲ್ಲರ ಮುಂದೆ ಅತ್ತೆ, ಯಾರು ನೋಡಿದರೂ ನೋಡಲಿ ಎಂದು ಅತ್ತೆ.

ಇದನ್ನು ಬರೆಯುತ್ತ ಕೂತು ಸಂಜೆಯಾಯಿತು. ಇಷ್ಟು ಹೊತ್ತು ಕೂತದ್ದಕ್ಕೆ ಏಳುವಾಗ ಹಿಮ್ಮಡಿ ತನ್ನ ಲೆಕ್ಕ ಚುಕ್ತಾ ಮಾಡಿಕೊಂಡಿತು. ಕುಂಟುತ್ತಲೇ ಅಪ್ಪನ ಖೋಲಿಗೆ ಹೋದೆ.

“ಅಪ್ಪಾ, ನನ್ನ ಹಿಮ್ಮಡ ನೋಯಾಕತ್ತೈತಿ.”

ಅಪ್ಪ ಪೇಪರ್ ಮಡಚಿಟ್ಟ. “ಎಂದಿನಿಂದ?”

“ಎರಡು ತಿಂಗಳಾತು.”

“ಎರಡು ತಿಂಗಳು ಯಾರಿಗೆ ಅಂಜಿ ಮುಚ್ಚಿಟ್ಟಿದ್ದೆವಾ?”

ಟೈಮ್‌ಟೇಬಲ್ಲಿಗೆ ಅಂಜಿ ಎಂದು ತಮಾಷೆ ಮಾಡಬೇಕೆಂದಿದ್ದೆ. ಆದರೆ ಅದು ನಿಜವಲ್ಲ. ಕುಂಟುವುದನ್ನು ನಾಲ್ಕು ಜನ ನೋಡಿಯಾರೆಂಬ ಅಂಜಿಕೆ ಬಿಟ್ಟು ಬೇರೆ ಕಾರಣ ನನ್ನಲ್ಲಿ ಇರಲಿಲ್ಲ. ಅಪ್ಪ ಅದನ್ನು ನನ್ನ ಮುಖದಲ್ಲಿ ಓದಿಕೊಂಡ ಎಂದು ಕಾಣುತ್ತದೆ, ಮತ್ತೆ ಕೇಳಲಿಲ್ಲ. ಎದ್ದ.

“ಮನ್ಯಾಗ ಬ್ಯಾಡ. ನಡಿ, ಹೊರಗ ಕಂಪೌಂಡ್ ಗ್ವಾಡಿಗೆ ನಿಂದರೂಣು,” ಎಂದ. “ಓಣಿ ಮಂದಿ ನೋಡ್ಲಿ.”